ಸ್ಪೇನಿಗೆ ಹೋಗಿ ಬಂದ ಅಧ್ಯಕ್ಷರು

ಮೆಣಸಿನಕಾಯಿ ವ್ಯಾಪಾರದಲ್ಲಿ ಒಂದು ರೀತಿ ಇದೆ. ಚೀಲದ ಬಾಯಿ ಬಿಚ್ಚಿ, ಕೈಯನ್ನು ಆಳಕ್ಕೆ ಇಳಿಸಿ, ನಡುವಿನ ಒಂದು ಕಾಯಿ ತೆಗೆಯಬೇಕು. ಮುರಿಯಬೇಕು, ಮೂಸಬೇಕು, ಬೀಜ ನೋಡಬೇಕು. ಆಮೇಲೆ ಮುರಿದ ಎರಡೂ ತುಂಡನ್ನು ಅದೇ ಚೀಲಕ್ಕೆ ಹಾಕಬೇಕು. ಇದನ್ನು ಯಾರೂ ಕಲಿಸುವುದಿಲ್ಲ. ಬೆಳೆದವನು ಎದುರಿಗೇ ನಿಂತಿರುತ್ತಾನೆ, ಅದು ಅವನ ಮಾಲು, ಅಷ್ಟು ತಿಳಿದರೆ ಸಾಕು. ಗದಗಿನ ಮಾರುಕಟ್ಟೆಯಲ್ಲಿ ನಾನು ಇಷ್ಟು ವರ್ಷ ಓಡಾಡಿದ್ದೇನೆ. ಮುರಿದ ತುಂಡನ್ನು ನೆಲಕ್ಕೆ ಒಗೆಯುವ ಮನುಷ್ಯನನ್ನು ನೋಡಿದ್ದು ಒಬ್ಬರನ್ನೇ. ಅವರೇ ನಮ್ಮ ಅಧ್ಯಕ್ಷರು. ಬೆಳಿಗ್ಗೆ ಅವರು ಯಾವ ಸಾಲಿನಲ್ಲಿ ಹೋಗಿದ್ದಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನೆಲ ನೋಡಿಕೊಂಡು ಹೋದರೆ ಸಿಗುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಬೆಟಗೇರಿಯಿಂದ ಹಿಡಿದು ಗದಗಿನ ಸ್ಟೇಷನ್ ರಸ್ತೆಯ ತನಕ ಬ್ಯಾನರು ಕಟ್ಟಿದ್ದಾರೆ. ಎಲ್ಲದರಲ್ಲೂ ಕೈ ಮುಗಿದ ಅದೇ ಫೋಟೋ. ಸರಳ ಜೀವಿ, ದಾಸೋಹ ಪ್ರೇಮಿ, ಅಜಾತಶತ್ರು. ಹೋದವರ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತನ್ನೆಲ್ಲ ಬ್ಯಾನರು ಬರೆಯುವವನೇ ಹೇಳಿ ಮುಗಿಸಿದ್ದಾನೆ. ಹಾಗಾಗಿ ಆ ಭಾರ ನನ್ನ ಮೇಲಿಲ್ಲ.

ಹೆಸರು ಬರೆಯುವುದಿಲ್ಲ. ಜೀವಂತ ಇದ್ದಾಗಲೇ ಅವರನ್ನು ಹೆಸರಿನಿಂದ ಕರೆದವರು ಕಡಿಮೆ. ವರ್ತಕರ ಸಂಘಕ್ಕೆ ಅಧ್ಯಕ್ಷರು, ಒಂದು ಶಾಲೆಗೆ ಅಧ್ಯಕ್ಷರು, ಗಣಪತಿ ಕೂಡಿಸುವ ಮಂಡಳಿಗೆ ಅಧ್ಯಕ್ಷರು, ನಮ್ಮ ಮಠದ ಜೀರ್ಣೋದ್ಧಾರ ಸಮಿತಿಗೂ ಅವರೇ. ಮನೆಗೆ ಫೋನು ಮಾಡಿದರೆ ಅವರ ಹೆಂಡತಿ ಕೂಡ, "ಅಧ್ಯಕ್ಷರು ಜಳಕಕ್ಕ ಹೋಗ್ಯಾರ್ರಿ" ಎನ್ನುತ್ತಿದ್ದರು. ಯಾವ ಸಂಘದ ಅಧ್ಯಕ್ಷರಾಗಿ ಜಳಕ ಮಾಡುತ್ತಿದ್ದರೋ ಗೊತ್ತಿಲ್ಲ.

ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆ ಆದಾಗ ಎಲ್ಲರಿಗೂ ಖುಷಿಯಾಯಿತು. ಅವರಿಗೆ ಮಾತ್ರ ಹುಚ್ಚೇ ಹಿಡಿಯಿತು. ಸರ್ಕಾರದ ಆದೇಶ ಬರುವ ಮೊದಲೇ ಸಂಘದ ಕಾಗದದ ಮೇಲೆ 'ಜಿಲ್ಲಾ' ಎಂದು ಅಚ್ಚಾಗಿತ್ತು. ಅಂದಿನಿಂದ ಯಾವ ಮಾತಿಗೂ ಒಂದೇ ತಳಪಾಯ: "ಈಗ ಜಿಲ್ಲಾ ಆಗೇತ್ರಿ." ಬಸಿಯಲ್ಲಿ ಚಹಾ ಸುರಿದು ಕುಡಿಯುವ ಮುದುಕನನ್ನು ಕಂಡರೆ, "ಜಿಲ್ಲಾ ಆಗೇತಿ, ಇನ್ನರ ಕಪ್ಪಿನ್ಯಾಗ ಕುಡಿಯೋ ಯಜಮಾನ" ಎನ್ನುವರು. ಸಂಘದ ಕಟ್ಟಡದ ಮುಂದೆ ಒಂದು ಬೇವಿನ ಮರವಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಅದರ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಜಿಲ್ಲಾ ಸಂಘದ ಮುಂದೆ ಮರವಿದ್ದರೆ ಹಳ್ಳಿಯಂತೆ ಕಾಣುತ್ತದೆ ಎಂದು ಅದನ್ನು ಕಡಿಸಿದರು. ಆ ಜಾಗದಲ್ಲಿ ಒಂದು ಕಲ್ಲು ನೆಡಿಸಿ, ಮರ ಕಡಿಸಿದವರ ಹೆಸರು ಕೆತ್ತಿಸಿದರು. ಹೆಂಗಸರು ಬಿಸಿಲಲ್ಲಿ ಆ ಕಲ್ಲಿಗೆ ಆತುಕೊಂಡು ಕೂತು ಉಂಡರು. ಕಲ್ಲು ಕಾದು ಬೆನ್ನು ಸುಡುತ್ತಿತ್ತು.

ಇಷ್ಟಾದರೆ ನಾನು ಅವರ ಬಗ್ಗೆ ಬರೆಯುತ್ತಿರಲಿಲ್ಲ. ಇಂಥ ಅಧ್ಯಕ್ಷರು ಎಲ್ಲ ಊರಿಗೂ ಒಬ್ಬರಿರುತ್ತಾರೆ. ನನ್ನ ಸಿಟ್ಟು ಒಂದು ಒಲೆಯದು. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯ ಸುದ್ದಿ ಹೇಳಬೇಕು.

ನಮ್ಮದು ಲಕ್ಷ್ಮೇಶ್ವರದ ಪಿಂಜಾರರ ಮನೆ. ಹತ್ತಿ ಹಿಂಜುವುದು ಬಿಟ್ಟು ಅಜ್ಜನ ಕಾಲಕ್ಕೆ ಮೆಣಸಿನಕಾಯಿಗೆ ಇಳಿದವರು. ಮನೆಯಲ್ಲಿ ಮಾತು ಕನ್ನಡವೇ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ಒಂದು ಸಣ್ಣ ಮಠ ಸಿಗುತ್ತದೆ. ದೊಡ್ಡ ಮಠಗಳಿಗೆ ಹೋಗುವ ಜನ ಅದರ ಮುಂದಿನಿಂದಲೇ ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಕಪ್ಪು ಕಲ್ಲಿನ ನಾಲ್ಕು ಕಂಬದ ಪಡಸಾಲೆ, ಒಂದು ಗದ್ದುಗೆ, ಹಿಂದೆ ದಾಸೋಹದ ಅಡುಗೆಮನೆ. ಅಡುಗೆಮನೆಯಲ್ಲಿ ಮೂರು ಕಲ್ಲಿನ ದೊಡ್ಡ ಒಲೆ, ಒಲೆಯ ಮೇಲೆ ತೊಲೆಗಳ ಅಟ್ಟ. ಪ್ರತಿ ವರ್ಷ ನಮ್ಮ ಮನೆಯ ಮೊದಲ ಚೀಲ ಮೆಣಸಿನಕಾಯಿ ಆ ಮಠಕ್ಕೆ ಹೋಗಬೇಕು. ನಮ್ಮ ಮನೆಯ ಹೆಂಗಸರು ಅದನ್ನು ಸರ ಪೋಣಿಸಿ ಆ ಅಟ್ಟಕ್ಕೆ ಕಟ್ಟಬೇಕು. ದಾಸೋಹದ ಒಲೆ ದಿನವೂ ಉರಿಯುವುದರಿಂದ ಆರೇಳು ತಿಂಗಳು ಜಾಲಿ ಕಟ್ಟಿಗೆಯ ಹೊಗೆ ಕುಡಿದು ಕಾಯಿ ಕಪ್ಪುಗೆಂಪಾಗುತ್ತದೆ. ಶ್ರಾವಣದಲ್ಲಿ ಇಳಿಸಿ, ಬೆಳ್ಳುಳ್ಳಿ ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿದರೆ ಹೊಗಿಖಾರ. ಬಿಸಿ ರೊಟ್ಟಿ, ಬೆಣ್ಣೆ, ಹೊಗಿಖಾರ, ಇದೇ ಆ ಮಠದ ಪ್ರಸಾದ. ಯಾವ ಕಾಲದ ಅಜ್ಜಾರು ಈ ಸೇವೆಯನ್ನು ಒಂದು ಮುಸಲ್ಮಾನರ ಮನೆಗೆ ಹಾಕಿಕೊಟ್ಟರೋ ಯಾರಿಗೂ ಗೊತ್ತಿಲ್ಲ. ಮಠದ ಸ್ವಾಮಿಗಳನ್ನು ನಮ್ಮ ಕಡೆ ಅಜ್ಜಾರು ಎನ್ನುತ್ತಾರೆ. ನಮ್ಮ ಅವ್ವ ಮದುವೆಯಾಗಿ ಬಂದ ವರ್ಷದಿಂದ ಆ ಅಟ್ಟಕ್ಕೆ ಏಣಿ ಹಾಕಿ ಹತ್ತಿದವಳು. ಹದಿನೈದು ದಿನಕ್ಕೊಮ್ಮೆ ಹೋಗಿ ಸರ ಹೊರಳಿಸಿ ಬರುತ್ತಿದ್ದಳು. ಅವಳ ಸೀರೆ, ಕೂದಲು, ಕೈ, ಎಲ್ಲ ಆ ವಾಸನೆ.

ಜಿಲ್ಲೆಯಾಗಿ ನಾಲ್ಕೈದು ವರ್ಷಕ್ಕೆ ಅಧ್ಯಕ್ಷರ ಕಣ್ಣು ಆ ಅಡುಗೆಮನೆಯ ಮೇಲೆ ಬಿತ್ತು. ಒಂದು ಅಮಾವಾಸ್ಯೆಗೆ ಪ್ರಸಾದಕ್ಕೆ ಕೂತ ಅವರು ಹೊಗಿಖಾರ ಮುಟ್ಟಿ, ಬೆರಳು ಮೂಸಿ, ಎಡೆಯ ಅಂಚಿಗೆ ಒರೆಸಿದರು. ಪಕ್ಕದಲ್ಲಿ ಕೂತವರೆಲ್ಲ ನೋಡಿದರು. ಪ್ರಸಾದವನ್ನು ಹಾಗೆ ಯಾರೂ ಒರೆಸುವುದಿಲ್ಲ.

"ಏನ್ರಿ ಅಜ್ಜಾರ, ಹೊಗಿ ವಾಸನಿ ಹೊಡಿತೈತಿ. ಈಗ ಜಿಲ್ಲಾ ಆಗೇತಿ. ಮಂತ್ರಿಗೋಳು ಬರ್ತಾರ, ಡಿಸಿ ಸಾಹೇಬ್ರು ಬರ್ತಾರ. ಗೋಡಿ ನೋಡ್ರಿ, ಮಸಿ ಹಿಡದು ಗವಿ ಆಗೇತಿ. ಒಡದು ಟೈಲ್ಸ್ ಹಚ್ಚಿಸಿ, ಗ್ಯಾಸ್ ಕೂಡಿಸಿ ಬಿಡೋಣ."

ಅಜ್ಜಾರು ವಯಸ್ಸಾದವರು, ಜಗಳ ಬಾರದವರು. "ಸಮಿತಿಯವರು ತಿಳದವರದೀರಿ" ಎಂದರು. ಸಂಕ್ರಾಂತಿ ಕಳೆದ ಮೇಲೆ ಕೆಡವುವುದೆಂದು ಅಲ್ಲೇ ನಿಶ್ಚಯವಾಯಿತು.

ಅದೇ ವರ್ಷ ಮೆಣಸಿನಕಾಯಿ ವರ್ತಕರ ಒಂದು ತಂಡ ಸ್ಪೇನಿಗೆ ಹೊರಟಿತು. ಅಲ್ಲಿಯೂ ಬಣ್ಣದ ಮೆಣಸಿನಕಾಯಿ ಬೆಳೆಯುತ್ತಾರೆ, ಪುಡಿ ಮಾಡಿ ಜಗತ್ತಿಗೆ ಮಾರುತ್ತಾರೆ, ಹೇಗೆ ಮಾಡುತ್ತಾರೆ ನೋಡಿ ಬರಬೇಕೆಂದು. ಗದಗಿನಿಂದ ಇಬ್ಬರು. ಅಧ್ಯಕ್ಷರು ಅಧ್ಯಕ್ಷರಾದ ಕಾರಣಕ್ಕೆ. ನಾನು ಹಿಂದಿ ಬರುವ ಕಾರಣಕ್ಕೆ, ಮತ್ತು ಪಾಸ್‌ಪೋರ್ಟು ಇದ್ದ ಕಾರಣಕ್ಕೆ. ಅವ್ವನನ್ನು ಹಜ್‌ಗೆ ಕರೆದೊಯ್ಯಬೇಕೆಂದು ಮಾಡಿಸಿದ ಪಾಸ್‌ಪೋರ್ಟು ಅದು. ಹೊರಡುವ ದಿನ ಅವ್ವ ರೊಟ್ಟಿ ಕಟ್ಟುತ್ತ ಹೇಳಿದಳು:

"ನೀ ಅವರ ಕೂಡ ಹೊಂಟಿ. ಎಂಟು ದಿನ ಕೂಡೇ ಇರ್ತಿ. ಒಂದು ಮಾತು ಹೇಳು. ಗೋಡಿ ಬೇಕಾರ ಒಡೀರಿ, ಗ್ಯಾಸ್ ಕೂಡಿಸ್ರಿ, ಒಲಿ ಒಂದು ಬಿಡ್ರಿ ಅನ್ನು. ಮೂಲ್ಯಾಗ ಇರಲಿ. ನಾ ಸಾಯೂತನಕ ಇದ್ರ ಸಾಕು."

ಹೇಳುತ್ತೇನೆ ಎಂದೆ.

ವಿಮಾನದಲ್ಲಿ ಹೇಳಲಿಲ್ಲ. ಅಧ್ಯಕ್ಷರು ಮಡಿಲಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದರು. ಪೆಟ್ಟಿಗೆಯಲ್ಲಿ ಆರು ಶಾಲು. ಎಲ್ಲಿ ಯಾರು ಸಿಕ್ಕರೂ ಸನ್ಮಾನ ಮಾಡಲು ಬೇಕಲ್ಲ. ನಮ್ಮ ಜೊತೆಗೆ ದುಭಾಷಿಯಾಗಿ ಬಂದದ್ದು ಅಲ್ಲಿ ಓದುತ್ತಿದ್ದ ನಾಗಪುರದ ಹುಡುಗಿ. ಸ್ಪೇನಿನವರ ಮಾತನ್ನು ಅವಳು ಹಿಂದಿಯಲ್ಲಿ ಹೇಳಬೇಕು, ಅಧ್ಯಕ್ಷರಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ಅವರಿಗೆ ಹಿಂದಿ ಬರುತ್ತಿರಲಿಲ್ಲವೆಂದಲ್ಲ. ಕನ್ನಡದ ಕೊನೆಗೆ 'ಹೈ' ಹಚ್ಚುತ್ತಿದ್ದರು. ಅದು ಆ ಹುಡುಗಿಗೆ ತಿಳಿಯುತ್ತಿರಲಿಲ್ಲ.

ಆ ಸೀಮೆಯಲ್ಲಿ ಮೆಣಸಿನಕಾಯಿಯನ್ನು ಬಿಸಿಲಿಗೆ ಒಣಗಿಸುವುದಿಲ್ಲ, ಹೊಗೆಗೆ ಒಣಗಿಸುತ್ತಾರೆ. ಇಟ್ಟಿಗೆಯ ಎರಡು ಅಂತಸ್ತಿನ ಮನೆಗಳು. ಕೆಳಗೆ ಗಟ್ಟಿ ಕಟ್ಟಿಗೆಯ ಉರಿ, ಮೇಲೆ ಪಟ್ಟಿಗಳ ಅಟ್ಟದ ಮೇಲೆ ಮೊಳಕಾಲೆತ್ತರ ಕಾಯಿಯ ರಾಶಿ. ಎರಡು ವಾರ, ದಿನವೂ ಒಬ್ಬ ಮೇಲೆ ಹತ್ತಿ ಕೈಯಿಂದ ಹೊರಳಿಸಬೇಕು. ಒಳಗೆ ಕಾಲಿಟ್ಟ ಕೂಡಲೇ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹೊಗೆಗಲ್ಲ. ಅದು ನಮ್ಮ ಅವ್ವನ ಸೆರಗಿನ ವಾಸನೆ. ಅಷ್ಟು ದೂರ ಬಂದು ಅದು ಅಲ್ಲಿ ಸಿಗುತ್ತದೆಂದು ನಾನು ಎಣಿಸಿರಲಿಲ್ಲ.

ಅಧ್ಯಕ್ಷರು ಒಂದು ಕಾಯಿ ಎತ್ತಿದರು, ಮುರಿದರು, ಮೂಸಿದರು, ನೆಲಕ್ಕೆ ಒಗೆದರು. ಕಾಯಿ ಹೊರಳಿಸುತ್ತಿದ್ದ ಮುದುಕ ಬಗ್ಗಿ ಎರಡೂ ತುಂಡನ್ನು ಹೆಕ್ಕಿ, ಊದಿ, ರಾಶಿಗೆ ಹಾಕಿದ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ದುಭಾಷಿ ಬೇಕಾಗಲಿಲ್ಲ.

ಅಲ್ಲಿಂದ ಮಧ್ಯಾಹ್ನ ಆ ಹುಡುಗಿ ನಮ್ಮನ್ನು ಒಂದು ಹಳೆಯ ಮಠಕ್ಕೆ ಕರೆದೊಯ್ದಳು. ಅವರ ಸನ್ಯಾಸಿಗಳ ಮಠ. ಆ ಮಠದ ಹೆಸರನ್ನು ಅಧ್ಯಕ್ಷರು ಮುಂದೆ ಇಪ್ಪತ್ತು ವರ್ಷ ಭಾಷಣ ಮಾಡಿದರೂ ಒಮ್ಮೆಯೂ ಸರಿಯಾಗಿ ಹೇಳಲಿಲ್ಲ. ಪ್ರತಿ ಸಲ ಒಂದು ಹೊಸ ಹೆಸರು ಬರುತ್ತಿತ್ತು. ಪ್ರವಾಸಿಗರ ದೊಡ್ಡ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲವಂತೆ. ಗುಡ್ಡದ ಬದಿಗೆ, ಮರಗಳ ನಡುವೆ, ಪಾಚಿ ಹಿಡಿದ ಕಲ್ಲಿನ ಕಟ್ಟಡ. ಉಳಿದಿದ್ದದ್ದು ನಾಲ್ಕೈದು ಮಂದಿ ವಯಸ್ಸಾದ ಸನ್ಯಾಸಿಗಳು. ಸಮುದ್ರದಾಚೆಯಿಂದ ಬಂದ ಮೆಣಸಿನ ಬೀಜವನ್ನು ಆ ಕಡೆಯ ಮಠದವರೇ ಮೊದಲು ತಮ್ಮ ಹಿತ್ತಲಲ್ಲಿ ಹಾಕಿದರೆಂದು ಹೇಳಿಕೆ, ಅದಕ್ಕೆ ನೋಡಲೇಬೇಕು ಎಂದಳು.

ಅಧ್ಯಕ್ಷರು ಬಾಗಿಲಲ್ಲಿ ಬೂಟು ಬಿಚ್ಚಿದರು. ಅವರು ಬಿಚ್ಚಿದ ಮೇಲೆ ನಾವೂ ಬಿಚ್ಚಬೇಕಾಯಿತು. ಆ ಚಳಿಯ ಕಲ್ಲಿನ ಮೇಲೆ ಬರೀ ಕಾಲಲ್ಲಿ ಹನ್ನೆರಡು ಮಂದಿ ವರ್ತಕರು. ಒಳಗಿನಿಂದ ಬಿಳಿ ಗಡ್ಡದ, ಪಾದದ ತನಕ ಬಟ್ಟೆ ತೊಟ್ಟ ಒಬ್ಬ ಹಿರಿಯರು ಬಂದದ್ದೇ ತಡ, ಅಧ್ಯಕ್ಷರು ಉದ್ದಕ್ಕೆ ಬಿದ್ದು ಕಾಲು ಮುಟ್ಟಿದರು. ಎದ್ದು ಶಾಲು ಹೊದಿಸಿದರು, ತೆಂಗಿನಕಾಯಿ ಕೈಗಿಟ್ಟರು. ಆ ಮನುಷ್ಯ ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, ತೆಂಗಿನಕಾಯಿಯನ್ನು ಎದೆಗೆ ಹಿಡಿದು ನಿಂತುಬಿಟ್ಟ. ಹುಡುಗಿ ನಗು ತಡೆದುಕೊಂಡು ನನ್ನ ಕಿವಿಯಲ್ಲಿ ಹೇಳಿದಳು, ಇವರು ಸ್ವಾಮಿಗಳಲ್ಲ, ಅಡುಗೆಯವರು. ಉದ್ದ ಬಟ್ಟೆ ಕಾಷಾಯವಲ್ಲ, ಅಡುಗೆಯ ಮೇಲಂಗಿ. ಸ್ವಾಮಿಗಳು ಹಿಂದೆ ಗಿಡ್ಡ ಸ್ವೆಟರು ಹಾಕಿಕೊಂಡು ಬಾಗಿಲು ಹಿಡಿದು ನಿಂತಿದ್ದರು.

ನಾನು ಅಧ್ಯಕ್ಷರಿಗೆ ಅದನ್ನು ಹೇಳಲಿಲ್ಲ. ಜೀವಮಾನದಲ್ಲಿ ಆ ಮನುಷ್ಯ ಸರಿಯಾದ ಹೆಗಲಿಗೆ ಹೊದಿಸಿದ ಒಂದೇ ಶಾಲು ಅದು, ಅದೂ ತಪ್ಪಿ. ಇರಲಿ ಬಿಡು ಎಂದುಕೊಂಡೆ.

ಊಟಕ್ಕೆ ಉದ್ದ ಮರದ ಮೇಜಿನ ಮುಂದೆ ಕೂಡಿಸಿದರು. ಉಣ್ಣುವಾಗ ಮಾತಾಡಬಾರದು. ಒಬ್ಬ ಸನ್ಯಾಸಿ ಎತ್ತರದಲ್ಲಿ ನಿಂತು ಪುಸ್ತಕ ಓದುತ್ತಾನೆ, ಉಳಿದವರು ಕೇಳುತ್ತ ಉಣ್ಣುತ್ತಾರೆ. ಅಧ್ಯಕ್ಷರು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮುಖ ಕೆಂಪಗಾಗಿತ್ತು. ನಮಗೆ ಮಾಂಸ ಬೇಡವೆಂದು ಹುಡುಗಿ ಮೊದಲೇ ತಿಳಿಸಿದ್ದಳು. ಕಡಲೆಕಾಳು, ಪಾಲಕ ಸೊಪ್ಪಿನ ಕೆಂಪು ಸಾರು ಬಂತು. ಕುರಿಯ ಹಾಲಿನ ಗಟ್ಟಿ ಚೀಸು ಬಂತು. ಎಣ್ಣೆಯಲ್ಲಿ ನೆನೆಸಿದ ಹಸಿರು ಆಲಿವ್ ಕಾಯಿ ಬಂತು. ಅಧ್ಯಕ್ಷರು ಅದನ್ನು ಬೋರೆಹಣ್ಣೆಂದು ಕಡಿದು ಬೀಜಕ್ಕೆ ಹಲ್ಲು ಹಚ್ಚಿಕೊಂಡರು. ಮಾತಾಡುವಂತಿಲ್ಲ, ಹಾಗಾಗಿ ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕಡೆ ನೋಡಿದರು. ಕೊನೆಗೆ ಬಂದದ್ದು ಹಳೆಯ ರೊಟ್ಟಿಯನ್ನು ಪುಡಿಮಾಡಿ, ಬೆಳ್ಳುಳ್ಳಿ, ಎಣ್ಣೆ, ಹೊಗೆಯ ಮೆಣಸಿನಪುಡಿ ಹಾಕಿ ಹುರಿದ ಒಂದು ತಿನಿಸು. ಬಾಯಿಗಿಟ್ಟರೆ ನಮ್ಮ ಮುಟಗಿ! ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ಉಂಡೆ ಕಟ್ಟುತ್ತಾರಲ್ಲ, ಅದೇ. ಜೋಳದ ಬದಲು ಗೋದಿ, ಅಷ್ಟೇ. ನಾನು ಎರಡು ಸಲ ನೀಡಿಸಿಕೊಂಡೆ. ಅಧ್ಯಕ್ಷರು ಮೂರು ಸಲ. ಬೆರಳು ಮೂಸಿದರು, ಆದರೆ ಎಲ್ಲಿಗೂ ಒರೆಸಲಿಲ್ಲ, ನೆಕ್ಕಿದರು.

ಊಟವಾದ ಮೇಲೆ ಶಾಲು ಹೊದ್ದ ಅಡುಗೆಯವರೇ ನಮ್ಮನ್ನು ಅಡುಗೆಮನೆಗೆ ಕರೆದೊಯ್ದರು. ಆನೆ ನಿಲ್ಲುವಷ್ಟು ದೊಡ್ಡ ಒಲೆ. ಗೋಡೆಯ ಮಸಿ ಎಷ್ಟು ದಪ್ಪವೆಂದರೆ ಕಲ್ಲೇ ಕಾಣುತ್ತಿರಲಿಲ್ಲ. ತೊಲೆಯಿಂದ ಇಳಿಬಿಟ್ಟ ಮೆಣಸಿನಕಾಯಿಯ ಸರ. ಎಷ್ಟೋ ನೂರು ವರ್ಷದಿಂದ ಈ ಒಲೆ ಆರಿಲ್ಲ, ಈ ಮಸಿಯನ್ನು ನಾವು ತೊಳೆಯುವುದಿಲ್ಲ ಎಂದರು. ತಂಡದಲ್ಲಿ ಒಬ್ಬ ಗೋಡೆ ಮುಟ್ಟಲು ಹೋದ. ಅಧ್ಯಕ್ಷರು ಅವನ ಕೈ ಹಿಡಿದರು.

"ಮುಟ್ಟಬ್ಯಾಡ್ರಿ! ಇದು ಬರೇ ಗೋಡಿ ಅಲ್ರಿ ಇದು. ಇತಿಹಾಸ ಐತಿ ಇದರಾಗ."

ಹಾಗೆಂದು ಅತ್ತರು. ಸುಳ್ಳಲ್ಲ, ನಾನು ಹತ್ತಿರದಿಂದ ನೋಡಿದೆ. ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ಹುಡುಗಿಗೆ ಕ್ಯಾಮೆರಾ ಕೊಟ್ಟು, ಒಲೆಯ ಮುಂದೆ ಕೈ ಮುಗಿದು ನಿಂತು ಫೋಟೋ ತೆಗೆಸಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವ್ವನ ಕೆಲಸ ಆಯಿತು, ನಾನು ಬಾಯಿ ಬಿಡುವುದೇ ಬೇಡ ಎಂದುಕೊಂಡೆ.

ಆಗ ಅಡುಗೆಯವರು ಏನೋ ಕೇಳಿದರು. ಹುಡುಗಿ ಹಿಂದಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ: "ಅಧ್ಯಕ್ಷರ, ನಿಮ್ಮ ಕಡೆನೂ ಇಂಥಾ ಒಲಿ ಅದಾವೇನು ಅಂತ ಕೇಳಾಕ ಹತ್ಯಾರ."

ಅಧ್ಯಕ್ಷರು ತಡವರಿಸಲಿಲ್ಲ. "ಇಲ್ಲ ಅಂತ ಹೇಳ್ರಿ ಸಾಬ್ರ. ನಮ್ಮಲ್ಲೆ ಎಲ್ಲಾ ಸುಧಾರಣೆ ಆಗೇತಿ, ಗ್ಯಾಸ್ ಐತಿ ಅಂತ ಹೇಳ್ರಿ."

ಆ ಹೊತ್ತಿಗೆ ಇಲ್ಲಿ ನಮ್ಮ ಮಠದ ಒಲೆ ಉರಿಯುತ್ತಿತ್ತು. ನಮ್ಮ ಅವ್ವ ಏಣಿ ಹತ್ತಿ ನಿಂತಿದ್ದರೂ ನಿಂತಿರಬಹುದು. ಅಡುಗೆಯವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ನಹೀಂ" ಎಂದೆ. ಹೌದು, ನಾನೇ ಎಂದೆ, ನನ್ನ ಬಾಯಿಂದಲೇ. ಅಧ್ಯಕ್ಷರನ್ನು ಬೈಯುವಾಗ ಇದನ್ನು ಬಿಟ್ಟು ಬೈದರೆ ಅನ್ಯಾಯ.

ಹೊರಡುವಾಗ ಪ್ರತಿಯೊಬ್ಬರಿಗೂ ಒಂದು ಸಣ್ಣ ತಗಡಿನ ಡಬ್ಬಿ ಕೊಟ್ಟರು, ಹೊಗೆಯ ಮೆಣಸಿನಪುಡಿ. ತಿರುಗಿ ಬರುವಾಗ ವಿಮಾನದಲ್ಲಿ ನಾನು ಧೈರ್ಯ ಮಾಡಿದೆ.

"ಅಧ್ಯಕ್ಷರ, ನಮ್ಮ ಮಠದ ಒಲಿನೂ ಹಂಗ ಐತೆಲ್ರಿ. ಅದೊಂದು ಬಿಟ್ಟು ಉಳದದ್ದು ಒಡದ್ರ ಹೆಂಗ? ನಮ್ಮವ್ವನೂ ಹೇಳ್ಯಾಳು."

ಅವರು ನನ್ನನ್ನು ಕನಿಕರದಿಂದ ನೋಡಿದರು. ದಡ್ಡ ಹುಡುಗನಿಗೆ ಲೆಕ್ಕ ಹೇಳುವ ಮಾಸ್ತರರ ಹಾಗೆ.

"ಸಾಬ್ರ, ಅದು ಬ್ಯಾರೆ, ಇದು ಬ್ಯಾರೆ. ಅದು ಇತಿಹಾಸ. ನಮ್ಮದು ಬರೇ ಮಸಿ."

ಅಷ್ಟು ಹೇಳಿ ಕುರ್ಚಿ ಹಿಂದಕ್ಕೆ ಬಾಗಿಸಿ ನಿದ್ದೆ ಹೋದರು. ಆವತ್ತು ಹುಟ್ಟಿದ ತಿರಸ್ಕಾರ ಇವತ್ತಿನ ತನಕ ನನ್ನಲ್ಲಿ ಹಾಗೇ ಇದೆ. ಮೂರ್ಖನಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಅವರಿಗೆ ರುಚಿ ಗೊತ್ತಿತ್ತು, ಕಣ್ಣೀರೂ ಬರುತ್ತಿತ್ತು. ಆದರೆ ಅದಕ್ಕೆಲ್ಲ ವಿಮಾನ ಹತ್ತಿ ಹೋಗಿರಬೇಕಿತ್ತು.

ಮನೆಗೆ ಬಂದು ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟೆ. ಮುಚ್ಚಳ ತೆಗೆದಳು, ಮೂಸಿದಳು, ಒಂದು ಚಿಟಿಕೆ ನಾಲಿಗೆಗೆ ಇಟ್ಟಳು.

"ಇವರದು ಯಾವ ಕಟಗಿ?"

"ಅಲ್ಲಿದು ಒಂದು ಗಟ್ಟಿ ಮರ ಅವ್ವಾ."

"ಒಳ್ಳೇದೈತಿ. ನಮ್ಮ ಜಾಲಿ ಹೊಗಿ ಸ್ವಲ್ಪ ಒಗರು. ಅವರ ಒಲಿ ಇನ್ನೂ ಐತಿ?"

"ಐತಿ."

"ಅಧ್ಯಕ್ಷರು ನೋಡಿದ್ರು?"

"ನೋಡಿದ್ರು. ಅತ್ತರು."

"ಅತ್ತರಾ?" ಅವ್ವನ ಮುಖ ಅರಳಿತು. "ಹಂಗಾರ ಚಿಂತಿಲ್ಲ ಬಿಡು. ನಮ್ಮದು ಉಳೀತು."

ವಿಮಾನದಲ್ಲಿ ಅವರು ಅಂದದ್ದನ್ನು ಅವಳಿಗೆ ಹೇಳಲು ನನಗೆ ನಾಲಿಗೆ ಬರಲಿಲ್ಲ. ಸಂಕ್ರಾಂತಿಯ ತನಕ ಅವಳು ನಿಶ್ಚಿಂತೆಯಿಂದ ಇದ್ದಳು. ಹಬ್ಬ ಕಳೆದ ನಾಲ್ಕನೇ ದಿನ ಹೊಸ ಕಾಯಿಯ ಸರ ಹೊತ್ತುಕೊಂಡು ಮಠಕ್ಕೆ ಹೋದಾಗ ಅಟ್ಟ ಇರಲಿಲ್ಲ. ಚಾವಣಿಯೂ ಇರಲಿಲ್ಲ. ಒಲೆಯ ಕಲ್ಲುಗಳು ಅಂಗಳದಲ್ಲಿ ಬಿದ್ದಿದ್ದವು. ಅಧ್ಯಕ್ಷರು ಗಾಂಧಿ ಟೋಪಿ ಹಾಕಿಕೊಂಡು, ದೂಳಿಗೆ ಮೂಗು ಮುಚ್ಚಿಕೊಂಡು ನಿಂತಿದ್ದರು. ಅವ್ವನನ್ನು ಕಂಡು, "ಇನ್ನ ನೀವು ಏಣಿ ಹತ್ತೂದು ತಪ್ಪಿತು ನೋಡ್ರಿ ಅವ್ವಾರ. ಮಸಾಲಿ ಪಾಕೀಟಿನ್ಯಾಗ ತರಸ್ತೀವಿ. ಆರಾಮ ಇರ್ರಿ" ಎಂದರು. ಉಪಕಾರ ಮಾಡಿದವರ ದನಿಯಲ್ಲಿ ಹೇಳಿದರು. ಅವ್ವ ಸರವನ್ನು ಹೆಗಲ ಮೇಲಿಂದ ಇಳಿಸಲೇ ಇಲ್ಲ. ಹಾಗೇ ತಿರುಗಿ ರಸ್ತೆಯ ತನಕ ನಡೆದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ದಾರಿಯಲ್ಲಿ ಒಂದೇ ಮಾತು ಕೇಳಿದಳು, "ಅಲ್ಲೆ ಅತ್ತಿದ್ದು ಖರೆ ಹೌದಲ್ಲೋ?"

ಮರುದಿನ ಟೆಂಪೊ ತಗೊಂಡು ಹೋಗಿ ಆ ಮೂರು ಕಲ್ಲನ್ನು ತಂದೆ. ಅಜ್ಜಾರು ತಾವೇ ಮುಂದೆ ನಿಂತು ಹೇರಿಸಿದರು. ನಮ್ಮ ಹಿತ್ತಲ ಅಡುಗೆಮನೆಯಲ್ಲಿ ಆ ಕಲ್ಲು ಹೂಡಿ, ಮೇಲೆ ಅಟ್ಟ ಕಟ್ಟಿ, ಅವ್ವ ಅದೇ ಕೆಲಸ ಮುಂದುವರಿಸಿದಳು. ಮನೆಯ ಒಲೆ ದಾಸೋಹದ ಒಲೆಯಷ್ಟು ಉರಿಯುವುದಿಲ್ಲ. ಅಲ್ಲಿ ಆರು ತಿಂಗಳಿಗೆ ಬರುವ ಬಣ್ಣ ಇಲ್ಲಿ ವರ್ಷಕ್ಕೆ ಬರುತ್ತಿತ್ತು. ನನ್ನ ಹೆಂಡತಿಗೆ ಕಲಿಸಿ, ಹಜ್ ಮಾಡಿ ಬಂದು, ಅವ್ವ ತೀರಿಕೊಂಡಳು. ಮಠದ ಶ್ರಾವಣದ ಪ್ರಸಾದಕ್ಕೆ ಹೊಗಿಖಾರ ಮತ್ತೆ ಹೋಗಲಿಲ್ಲ. ಯಾರೂ ಕೇಳಲಿಲ್ಲ.

ಅಧ್ಯಕ್ಷರು ಮಾತ್ರ ಸ್ಪೇನಿನಿಂದ ತಿರುಗಿ ಬರಲೇ ಇಲ್ಲ ಎನ್ನಬೇಕು. ಮುಂಡರಗಿಯಲ್ಲಿ ಒಂದು ಔಷಧಿ ಅಂಗಡಿಯ ಉದ್ಘಾಟನೆಗೆ ಕರೆದರೆ ಅಲ್ಲೂ ಸ್ಪೇನು. ಶಾಲೆಯ ಮಕ್ಕಳ ಆಟೋಟಕ್ಕೆ ಕರೆದರೆ ಅಲ್ಲೂ ಸ್ಪೇನು. "ಅವರು ಮಸಿನೂ ತೊಳಿಯಂಗಿಲ್ರಿ! ನಮ್ಮ ಮಂದಿಗೆ ಎಲ್ಲೈತಿ ಆ ಅಭಿಮಾನ?" ಎಂದು ಮೇಜು ಗುದ್ದುತ್ತಿದ್ದರು. ನಾವಿಬ್ಬರೂ ಬದನಿಕಾಯಿ ಭಜಿಯ ಅಂಗಡಿಗೆ ಹೋದರೆ, ಬಿಸಿ ಭಜಿಯನ್ನು ನಾಲ್ಕು ತುಂಡು ಮಾಡಿಸಿ, ಒಂದೊಂದಕ್ಕೂ ಹಲ್ಲುಕಡ್ಡಿ ಚುಚ್ಚಿ, "ಅಲ್ಲೆ ಹಿಂಗ ತಿಂತಾರ" ಎಂದು ನನ್ನ ಮುಂದೆ ಇಡುವರು. ಭಜಿಯವನು ನನ್ನ ಮುಖ ನೋಡುವನು. ಅಡುಗೆಯವರು ಕೊಟ್ಟ ಡಬ್ಬಿಯನ್ನು ಮನೆಯ ಶೋಕೇಸಿನಲ್ಲಿ, ಸನ್ಮಾನದ ಫಲಕಗಳ ನಡುವೆ ಇಟ್ಟಿದ್ದರು. ಮುಚ್ಚಳ ತೆಗೆಯಲೇ ಇಲ್ಲ. ಕೊನೆಗೆ ತಗಡಿಗೆ ತುಕ್ಕು ಹಿಡಿಯಿತು.

ಮಠದ ಹೊಸ ದಾಸೋಹ ಭವನದಲ್ಲಿ ಕೆಳಗಿನಿಂದ ಮೇಲಿನ ತನಕ ಬಿಳಿ ಟೈಲ್ಸು. ಬಚ್ಚಲಿನಲ್ಲಿ ಕೂತು ಉಂಡಂತೆ ಅನಿಸುತ್ತದೆ. ಅದರ ನಡುಗೋಡೆಗೆ ಚೌಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ: ಸ್ಪೇನಿನ ಮಸಿ ಹಿಡಿದ ಒಲೆ, ಅದರ ಮುಂದೆ ಕೈ ಮುಗಿದ ಅಧ್ಯಕ್ಷರು. ಒಲೆ ಒಡೆದ ಜಾಗದಲ್ಲೇ ಅದನ್ನು ತೂಗು ಹಾಕಿಸಿದ್ದಾರೆ. ಫೋಟೋದ ಅಂಚಿನಲ್ಲಿ ನನ್ನ ಅರ್ಧ ಹೆಗಲು ಕಾಣುತ್ತದೆ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಧ್ಯಕ್ಷರ ಹೆಂಡತಿ ಗದಗಿನಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಮನೆಗೆ ಅವರು ಬಂದದ್ದು ಅದೇ ಮೊದಲು. ಅಧ್ಯಕ್ಷರಿಗೆ ಹೊಟ್ಟೆಯ ಕಾಯಿಲೆ ಹೆಚ್ಚಾಗಿದೆ, ಡಾಕ್ಟರು ಕೈಬಿಟ್ಟಿದ್ದಾರೆ, ಬೇಕಾದ್ದು ಉಣ್ಣಿಸಿ ಎಂದಿದ್ದಾರೆ ಎಂದರು.

"ಏನು ಕೊಟ್ರೂ ಒಲ್ಲೆ ಅಂತಾರ್ರಿ ಅಣ್ಣಾರ. ಹೊಗಿ ವಾಸನಿ ಖಾರ ಬೇಕಂತ. ಅದೊಂದ ಹಟಾ ಹಿಡದಾರ. ಮೊದಲ ಮಠದಾಗ ನಿಮ್ಮ ತಾಯಾರು ಮಾಡ್ತಿದ್ರಂತಲ್ಲ, ಈಗೇನರ ಐತೇನ್ರಿ ನಿಮ್ಮ ಮನ್ಯಾಗ?"

ನಮ್ಮ ಪಡಸಾಲೆಗೂ ಹಿತ್ತಲ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಅದು ತೆರೆದೇ ಇತ್ತು. ಅಟ್ಟದಲ್ಲಿ ಹನ್ನೊಂದು ಸರ ತೂಗುತ್ತಿದ್ದವು. ವಾಸನೆ ಇಡೀ ಮನೆಗೆ ಹರಡಿತ್ತು, ಆಕೆಯ ಮೂಗಿಗೂ ಬಡಿದಿರಲೇಬೇಕು.

"ಇಲ್ರಿ ಅಕ್ಕಾರ" ಎಂದೆ. "ನಮ್ಮಲ್ಲೆ ಈಗ ಎಲ್ಲಾ ಗ್ಯಾಸ್ ಐತಿ."

ಆಕೆ ನನ್ನನ್ನು ಒಂದು ಕ್ಷಣ ನೋಡಿದರು. ಚಹಾ ಮುಗಿಸಿ, ನಮಸ್ಕಾರ ಹೇಳಿ ಎದ್ದರು. ಅವರು ಓಣಿ ದಾಟುವ ತನಕ ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಏಣಿ ಹಾಕಿದಳು. ಒಂದು ಸರ ಇಳಿಸಿ, ಕುಟ್ಟಿಟ್ಟ ಹೊಗಿಖಾರದ ಗಡಿಗೆಯಿಂದ ಒಂದು ಡಬ್ಬಿ ತುಂಬಿ, ಎರಡನ್ನೂ ಕೈಚೀಲಕ್ಕೆ ಹಾಕಿ ಬಸ್‌ಸ್ಟ್ಯಾಂಡಿನ ಕಡೆ ಓಡುತ್ತ ಹೋದಳು. ನನ್ನನ್ನು ಕೇಳಲಿಲ್ಲ. ತಿರುಗಿ ಬಂದು ಮೂರು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ನಾನೂ ಆಡಿಸಲಿಲ್ಲ. ನನಗೆ ಪಶ್ಚಾತ್ತಾಪವೇನೂ ಆಗಿರಲಿಲ್ಲ. ಈಗಲೂ ಪೂರ್ತಿ ಆಗಿಲ್ಲ.

ನುಡಿನಮನದ ಸಭೆ ಮಠದ ದಾಸೋಹ ಭವನದಲ್ಲೇ ಆಯಿತು, ಆ ಫೋಟೋದ ಕೆಳಗೆ. ಫೋಟೋಕ್ಕೂ ಒಂದು ಹಾರ ಹಾಕಿದ್ದರು. ಹಾರ ಸ್ಪೇನಿನ ಒಲೆಗೋ ಅಧ್ಯಕ್ಷರಿಗೋ ತಿಳಿಯುವಂತಿರಲಿಲ್ಲ. ಭಾಷಣಗಳೆಲ್ಲ ಮುಗಿದು ಪ್ರಸಾದಕ್ಕೆ ಎದ್ದಾಗ ಅವರ ಹೆಂಡತಿ ನನ್ನ ಹತ್ತಿರ ಬಂದರು. ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತು, ಅವರಿಗೆ ಗೊತ್ತೆಂದು ನನಗೂ ಗೊತ್ತು. ನಾನು ನೆಲ ನೋಡುತ್ತ ನಿಂತೆ.

"ನಿಮ್ಮ ಮನಿಯಾಕಿ ಪುಣ್ಯಾತಗಿತ್ತಿ ಅದಾಳ್ರಿ ಅಣ್ಣಾರ" ಎಂದರು. "ಹನ್ನೆರಡು ದಿನ ಅದನ್ನ ಹಚಗೊಂಡು ಅರ್ಧ ಅರ್ಧ ರೊಟ್ಟಿ ಉಂಡ್ರು. ಕಡೀ ದಿನಾನೂ ಬೆರಳ ನೆಕ್ಕಿದ್ರು. ಏನಂದ್ರು ಗೊತ್ತೇನ್ರಿ? 'ಇದು ಸ್ಪೇನಿಂದ ಹೌದಲ್ಲ? ಆ ಮಠದ್ದ ರುಚಿ. ಎಲ್ಲಿಂದ ತರಿಸಿದಿ?' ಅಂದ್ರು. ನಾ ಏನೂ ಹೇಳಲಿಲ್ಲ. ನೀವರ ಹೇಳ್ರಿ, ಅದು ಅಲ್ಲಿದೇನ್ರಿ?"

ಆಕೆಯ ತಲೆಯ ಮೇಲೆ ಅಧ್ಯಕ್ಷರು ಕೈ ಮುಗಿದು ನಿಂತಿದ್ದರು, ಅವರ ಪಕ್ಕದಲ್ಲಿ ನನ್ನ ಅರ್ಧ ಹೆಗಲು. ಸಾಯುವ ಹೊತ್ತಿನಲ್ಲೂ ಆ ಮನುಷ್ಯ ಅದನ್ನು ನಮ್ಮದು ಎನ್ನಲಿಲ್ಲ. ಅದು ನಮ್ಮವ್ವನದು, ಇಲ್ಲೇ, ನೀವು ನಿಂತ ಈ ಟೈಲ್ಸಿನ ಕೆಳಗಿನದು ಎಂದು ಹೇಳಲು ಬಾಯಿ ತೆರೆದೆ. ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೌದ್ರಿ ಅಕ್ಕಾರ" ಎಂದೆ. "ಸ್ಪೇನಿಂದು."